ಕಾಣದ ಬಿರುಕು, ಇಲ್ಲದ ಬಿರುಕು

ಕಾರಿನ ಬಾನೆಟ್ ಎತ್ತಿ ಎಂಜಿನ್ನಿನ ಮಗ್ಗುಲಿಗೆ ಬಗ್ಗಿ ನೋಡಿದರೆ ಕಪ್ಪು ರಬ್ಬರಿನ ಪಟ್ಟಿಯೊಂದು ಕಾಣುತ್ತದೆ. ಐದಾರು ಪುಲ್ಲಿಗಳ ನಡುವೆ ಒಂದನ್ನು ಹತ್ತಿ, ಇನ್ನೊಂದರ ಅಡಿಗೆ ನುಸುಳಿ, ಹಾವು ಹರಿದ ಹಾಗೆ ಬಳಸಿಕೊಂಡಿರುತ್ತದೆ. ಸರ್ಪೆಂಟೈನ್ ಬೆಲ್ಟ್ ಎಂಬ ಹೆಸರು ಬಂದದ್ದು ಆ ನಡೆಯಿಂದಲೇ. ನಮ್ಮಲ್ಲಿ ಇದನ್ನು ಫ್ಯಾನ್ ಬೆಲ್ಟ್ ಎನ್ನುವವರೇ ಹೆಚ್ಚು. ಬಹುಪಾಲು ಕಾರುಗಳಲ್ಲಿ ಫ್ಯಾನು ಕರೆಂಟಿನ ಮೋಟಾರಿಗೆ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಬೆಲ್ಟಿಗೇ ಉಳಿದಿದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ, ಎಸಿ ಕಂಪ್ರೆಸರ್, ಹಳೆಯ ಬಗೆಯ ಪವರ್ ಸ್ಟೀರಿಂಗಿನ ಪಂಪು, ಎಷ್ಟೋ ಎಂಜಿನ್ನುಗಳಲ್ಲಿ ನೀರಿನ ಪಂಪು ಕೂಡ ಈ ಒಂದೇ ಪಟ್ಟಿಯಿಂದ ತಿರುಗುತ್ತವೆ. ಪಟ್ಟಿ ಹರಿದರೆ ಮೊದಲು ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ನೀರಿನ ಪಂಪೂ ಅದರ ಮೇಲೇ ನಿಂತಿದ್ದರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಡುವವರೆಗೂ ಹೋಗುತ್ತದೆ. ಇಷ್ಟೆಲ್ಲ ಗೊತ್ತಿರುವ ಮಾಲೀಕ ದೂರದ ಪ್ರಯಾಣಕ್ಕೆ ಮುಂಚೆ ಟಾರ್ಚ್ ಹಿಡಿದು ಬೆಲ್ಟನ್ನು ನೋಡುತ್ತಾನೆ. ಬಿರುಕು ಕಾಣುವುದಿಲ್ಲ, ನೂಲು ಬಿಟ್ಟಿರುವುದು ಕಾಣುವುದಿಲ್ಲ. 'ಏನೂ ಆಗಿಲ್ಲ, ಚೆನ್ನಾಗಿದೆ' ಎಂದು ಬಾನೆಟ್ ಮುಚ್ಚುತ್ತಾನೆ. 'ಕಾಣಲಿಲ್ಲ' ಎಂಬಲ್ಲಿಂದ 'ಇಲ್ಲ' ಎಂಬಲ್ಲಿಗೆ ಅವನು ಇಟ್ಟ ಆ ಹೆಜ್ಜೆಯೇ ಈ ಬರಹದ ವಿಷಯ. ಅದು ನ್ಯಾಯವಾದ ಹೆಜ್ಜೆಯೇ? ಯಾವಾಗ ನ್ಯಾಯ, ಯಾವಾಗ ಅಲ್ಲ?

ಈ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಸಾವಿರ ವರ್ಷಕ್ಕೂ ಮಿಕ್ಕಿ ಚರ್ಚಿಸಿದ್ದಾರೆ. ಅವರ ಉದಾಹರಣೆ ಬರಿಯ ನೆಲ ಮತ್ತು ಗಡಿಗೆ. ನೆಲದ ಮೇಲೆ ಗಡಿಗೆ ಇದ್ದರೆ ಕಣ್ಣು ಅದನ್ನು ಹಿಡಿಯುತ್ತದೆ. ಗಡಿಗೆ ಇಲ್ಲ ಎಂಬುದನ್ನು ಯಾವುದು ಹಿಡಿಯುತ್ತದೆ? ಸುಮಾರು 7ನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ, ಅಭಾವವನ್ನು ತಿಳಿಯಲು ಪ್ರತ್ಯಕ್ಷ, ಅನುಮಾನ ಮುಂತಾದ ಐದು ಪ್ರಮಾಣಗಳು, ಎಂದರೆ ಅರಿವಿನ ದಾರಿಗಳು, ಸಾಲವು, ಆರನೆಯದೊಂದು ಬೇಕು ಎಂದ. ಕಾಣದಿರುವಿಕೆಯೇ ಆ ಪ್ರಮಾಣ. ಅದನ್ನು ಅನುಪಲಬ್ಧಿ ಎಂದರು. ಮೀಮಾಂಸೆಯೊಳಗೇ ಪ್ರಭಾಕರನ ಕಡೆಯವರು ಇದನ್ನು ಒಪ್ಪಲಿಲ್ಲ; ಅಭಾವ ಎಂಬ ಬೇರೊಂದು ವಸ್ತುವೇ ಇಲ್ಲ, ಬರಿಯ ನೆಲವನ್ನು ಕಂಡದ್ದಷ್ಟೇ ಅಲ್ಲಿ ಆದದ್ದು ಎಂದರು. ನೈಯಾಯಿಕರು ಅಭಾವವನ್ನು ಕಣ್ಣೇ ಕಾಣುತ್ತದೆ ಎಂದರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅದನ್ನು ಅನುಮಾನದ ಹೇತುಗಳಲ್ಲಿ ಸೇರಿಸಿದ. ಅದ್ವೈತಿಗಳು ಆರನೆಯ ಪ್ರಮಾಣವನ್ನು ಇಟ್ಟುಕೊಂಡರು. ನಮ್ಮ ಉಡುಪಿಯ ಮಧ್ವಾಚಾರ್ಯರು ಪ್ರಮಾಣಗಳು ಮೂರೇ ಎಂದು, ಅಭಾವದ ಅರಿವನ್ನು ಆ ಮೂರರೊಳಗೇ ಅಡಗಿಸಿದರು. ಇಷ್ಟು ಜಗಳವಾಡಿದ ಇವರು ಒಂದು ಕಡೆ ಮಾತ್ರ ಹತ್ತಿರ ಬರುತ್ತಾರೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದು ಯಾರೂ ಒಪ್ಪುವುದಿಲ್ಲ. ಕಂಬದ ಮೇಲೆ ಪಿಶಾಚಿ ಕಾಣದಿದ್ದರೆ ಪಿಶಾಚಿ ಇಲ್ಲ ಎಂದೂ ಒಪ್ಪುವುದಿಲ್ಲ, ಏಕೆಂದರೆ ಪಿಶಾಚಿ ಎಂದು ಯಾವುದನ್ನು ಹೇಳುತ್ತಾರೋ ಅದು ಕಣ್ಣಿಗೆ ಬೀಳುವ ಜಾತಿಯದೇ ಅಲ್ಲ. ಕಾಣಲು ತಕ್ಕ ವಸ್ತು, ಕಾಣಲು ತಕ್ಕ ಸಂದರ್ಭದಲ್ಲಿ ಕಾಣದೆ ಹೋದರೆ ಮಾತ್ರ ಆ ಕಾಣದಿರುವಿಕೆಗೆ ಬೆಲೆ. ಇದನ್ನು ಯೋಗ್ಯತೆ ಎಂದು ಕರೆದರು. ಮನೆಮಾತಿನಲ್ಲಿ ಹೇಳುವುದಾದರೆ 'ಇದ್ದಿದ್ದರೆ ಕಾಣುತ್ತಿತ್ತು' ಎಂದು ಧೈರ್ಯವಾಗಿ ಹೇಳಬಲ್ಲವನಿಗೆ ಮಾತ್ರ 'ಇಲ್ಲ' ಎನ್ನುವ ಹಕ್ಕು. ಈ ಹಕ್ಕು ಪುಕ್ಕಟೆ ಸಿಗುವುದಿಲ್ಲ, ಕೈಕೆಲಸ ಮಾಡಿ ಗಳಿಸಬೇಕು ಎಂಬುದು ನನ್ನ ವಾದ. ದೇವರ ವಿಷಯದಲ್ಲಿ, ಪೂಜೆಯ ವಿಷಯದಲ್ಲಿ, ನಮ್ಮ ನಮ್ಮ ತಪ್ಪುಗಳ ವಿಷಯದಲ್ಲಿ ನಾವು ಆಡುವ ಮಾತುಗಳಲ್ಲಿ ಹೆಚ್ಚಿನವು ಈ ಗಳಿಕೆಯಿಲ್ಲದೆ ಆಡಿದವು.

ಬೆಲ್ಟಿಗೆ ಮರಳೋಣ. ಹಳೆಯ ಬೆಲ್ಟುಗಳನ್ನು ನಿಯೋಪ್ರೀನ್ ಎಂಬ ರಬ್ಬರಿನಿಂದ ಮಾಡುತ್ತಿದ್ದರು. ಎಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದ ಆ ರಬ್ಬರು ಗಡುಸಾಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಅಡ್ಡಡ್ಡ ಬಿರಿಯುತ್ತಿತ್ತು. ಆಮೇಲೆ ಚೂರುಚೂರಾಗಿ ಉದುರುತ್ತಿತ್ತು. ಒಂದು ಅಂಗುಲದಲ್ಲಿ ಎಷ್ಟು ಬಿರುಕು ಎಂದು ಎಣಿಸಿ ಮೆಕ್ಯಾನಿಕ್ ಬೆಲ್ಟಿನ ಆಯುಸ್ಸು ಹೇಳುತ್ತಿದ್ದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಮುಪ್ಪು ಬಂದಿದ್ದರೆ ಬಿರುಕು ಇರಬೇಕಿತ್ತು, ಬಿರುಕು ಇದ್ದಿದ್ದರೆ ಕಾಣುತ್ತಿತ್ತು, ಕಾಣಲಿಲ್ಲ, ಆದ್ದರಿಂದ ಮುಪ್ಪು ಬಂದಿಲ್ಲ. ಕುಮಾರಿಲನ ಮುಂದೆ ಇಟ್ಟರೂ ನಿಲ್ಲುವ ಮಾತು ಇದು. 1990ರ ದಶಕದಿಂದ ಈಚೆಗೆ ತಯಾರಕರು ಇಪಿಡಿಎಂ ಎಂಬ ಬೇರೆ ಸಂಯುಕ್ತ ರಬ್ಬರಿಗೆ ತಿರುಗಿದರು. ಇದು ಕಾವನ್ನೂ ಚಳಿಯನ್ನೂ ತಾಳುತ್ತದೆ. ಒಂದು ಲಕ್ಷ ಕಿಲೋಮೀಟರು ಓಡಿದ ಮೇಲೂ ಮೈಮೇಲೆ ಗೀರಿಲ್ಲದೆ ಹೊಸದರ ಹಾಗೇ ಕಾಣಬಲ್ಲದು. ಆದರೆ ಅದಕ್ಕೂ ಮುಪ್ಪು ಇದೆ. ಟೈರು ಸವೆಯುವ ಹಾಗೆ ಅದು ಸವೆಯುತ್ತದೆ, ಪುಡಿಪುಡಿಯಾಗಿ, ಒಂದೇ ಸಮನಾಗಿ, ಯಾವ ಗುರುತನ್ನೂ ಬಿಡದೆ. ಬೆಲ್ಟಿನ ಒಳಮೈಯಲ್ಲಿ ಉದ್ದಕ್ಕೆ ಓಡುವ ಸಣ್ಣ ಏಣುಗಳಿವೆ, ಗ್ಯಾರೇಜಿನಲ್ಲಿ ರಿಬ್ ಎನ್ನುತ್ತಾರೆ. ಬೆನ್ನ ಮೇಲೆ 6 ಪಿಕೆ 1200 ಎಂದು ಅಚ್ಚಾಗಿದ್ದರೆ ರಿಬ್ಬು ಆರು, ಉದ್ದ 1200 ಮಿಲಿಮೀಟರ್ ಎಂದು ಅರ್ಥ. ಒಂದು ರಿಬ್ಬಿನಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್ ಅಂತರ. ಈ ರಿಬ್ಬುಗಳು ಪುಲ್ಲಿಯ ಗ್ರೂವಿನೊಳಗೆ ಬೆಣೆಯ ಹಾಗೆ ಬಿಗಿದು ಕೂತಾಗಲೇ ಹಿಡಿತ. ರಬ್ಬರು ಸವೆದು ರಿಬ್ಬುಗಳ ನಡುವಿನ ಸಂದು ಅಗಲವಾದರೆ ಪುಲ್ಲಿಯ ಏಣಿನ ತುದಿ ಸಂದಿನ ತಳಕ್ಕೆ ಹೋಗಿ ತಾಗುತ್ತದೆ, ಬೆಣೆ ಸಡಿಲುತ್ತದೆ, ಬೆಲ್ಟು ಜಾರತೊಡಗುತ್ತದೆ. ನೂರಕ್ಕೆ ಐದು ಪಾಲು ರಬ್ಬರು ಹೋದರೂ ಇದಕ್ಕೆ ಸಾಕು ಎನ್ನುತ್ತಾರೆ ಬೆಲ್ಟು ಮಾಡುವವರು. ಅಷ್ಟು ಸವೆತವನ್ನು ಕಣ್ಣು ಹಿಡಿಯಲಾರದು.

ಇಲ್ಲಿ ಕೆಟ್ಟದ್ದು ಕಣ್ಣಲ್ಲ, ಬೆಳಕೂ ಅಲ್ಲ. ವಸ್ತು ಬದಲಾಯಿತು, ಅದನ್ನು ನೋಡುವ ಅಭ್ಯಾಸ ಹಳೆಯದೇ ಉಳಿಯಿತು. ನಿಯೋಪ್ರೀನಿನ ಕಾಲದಲ್ಲಿ ಬಿರುಕಿಲ್ಲದಿರುವುದು ಪ್ರಮಾಣವಾಗಿತ್ತು, ಇಪಿಡಿಎಂ ಕಾಲದಲ್ಲಿ ಅದೇ ಕಣ್ಣು, ಅದೇ ಟಾರ್ಚು, ಅದೇ 'ಕಾಣಲಿಲ್ಲ' ಇದ್ದೂ ಪ್ರಮಾಣವಲ್ಲ. ಧರ್ಮದ ವಿಷಯದಲ್ಲೂ ನಮಗೆ ಹಿರಿಯರಿಂದ ಬಂದ ಪರೀಕ್ಷೆಗಳು ಹಲವು ಹೀಗೇ ಇವೆ. ಅವರ ಕಾಲದ ಅನ್ಯಾಯ ಬಿರುಕಿನಂತೆ ಎದ್ದು ಕಾಣುತ್ತಿತ್ತು. ಬಾವಿಯ ಹತ್ತಿರ ಬರಬೇಡ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಇವತ್ತು ಹಾಗೆ ಹೇಳುವವರು ಎದುರಿಗೆ ಸಿಗಲಿಲ್ಲವೆಂದು 'ನಮ್ಮೂರಲ್ಲಿ ಜಾತಿಭೇದ ಇಲ್ಲ' ಎನ್ನುವವನು ಹಳೆಯ ಪರೀಕ್ಷೆಯನ್ನು ಹೊಸ ರಬ್ಬರಿಗೆ ಹಚ್ಚುತ್ತಿದ್ದಾನೆ. ಹೋಟೆಲಿನ ಒಳಗೆ ಕೂತು ಕಾಫಿ ಕುಡಿಯುವವನಿಗೆ ಹಿತ್ತಲ ಗೋಡೆಯ ಮೇಲೆ ಕವುಚಿಟ್ಟ ಬೇರೆ ಲೋಟ ಕಾಣುವುದಿಲ್ಲ. ಮನೆ ಬಾಡಿಗೆಗೆ ಕೇಳಿದಾಗ ಅವನ ಹೆಸರು ಕೇಳಿದವರು 'ನೀವು ಯಾವ ಪೈಕಿ?' ಎಂದು ಎರಡನೆಯ ಪ್ರಶ್ನೆ ಕೇಳಿ ಮುಖ ತಿರುಗಿಸಿರುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಕಂಡಿಲ್ಲ. ಇದ್ದಿದ್ದರೆ ಕಾಣುತ್ತಿತ್ತು ಎನ್ನುವ ಜಾಗದಲ್ಲಿ ಅವನು ಒಂದು ದಿನವೂ ನಿಂತಿಲ್ಲ, ಅಷ್ಟೆ.

ಹಾಗಾದರೆ ಆ ಜಾಗದಲ್ಲಿ ನಿಲ್ಲುವುದು ಹೇಗೆ? ಮನೆಯ ಅಂಗಳದಲ್ಲಿ ಬೆಲ್ಟು ಬದಲಿಸುವ ಅರ್ಧ ಗಂಟೆಯ ಕೆಲಸವನ್ನು ಹತ್ತಿರದಿಂದ ಗಮನಿಸಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಎಂಜಿನ್ ತಣ್ಣಗಿರಬೇಕು, ಕೀ ತೆಗೆದಿರಬೇಕು, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿರಬೇಕು. ಬೆಲ್ಟು ಯಾವ ಪುಲ್ಲಿಯ ಮೇಲೆ, ಯಾವುದರ ಅಡಿಗೆ ಹೋಗಿದೆ ಎಂಬ ನಕ್ಷೆ ಬಾನೆಟ್ಟಿನ ಒಳಮೈಯಲ್ಲೋ ಪಕ್ಕದಲ್ಲೋ ಅಂಟಿಸಿರುತ್ತದೆ. ಇಲ್ಲದಿದ್ದರೆ ಬಿಚ್ಚುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಟೆನ್ಷನರ್ ಎಂಬ ಸ್ಪ್ರಿಂಗಿನ ತೋಳಿಗೆ ಸ್ಪ್ಯಾನರ್ ಹಾಕಿ ಎಳೆದು ಹಿಡಿದರೆ ಬಿಗಿ ಸಡಿಲವಾಗುತ್ತದೆ. ಇನ್ನೊಂದು ಕೈಯಿಂದ ಬೆಲ್ಟನ್ನು ಮೇಲಿನ ನುಣುಪು ಪುಲ್ಲಿಯಿಂದ ಜಾರಿಸಿ, ತೋಳನ್ನು ಮೆಲ್ಲಗೆ ಬಿಡಬೇಕು. ಬೆಲ್ಟು ಕೈಗೆ ಬಂದ ಮೇಲೆ ಎಲ್ಲವೂ ಬದಲಾಗುತ್ತದೆ. ಅದು ಎಂಜಿನ್ನಿನ ಮೇಲಿದ್ದಾಗ ಕಂಡದ್ದು ಹೆಚ್ಚಾಗಿ ಅದರ ಬೆನ್ನು. ರಿಬ್ಬುಗಳು ಒಳಗಡೆ ಪುಲ್ಲಿಗೆ ಮುಖವೊತ್ತಿ ಇದ್ದವು. ಈಗ ಅದನ್ನು ಒಳಮೈ ಹೊರಗಾಗುವಂತೆ ಮಗುಚಿ, ಸಂದಿನೊಳಗೆ ಅಳತೆಯ ಸಣ್ಣ ಕಡ್ಡಿಯೊಂದನ್ನು ಇಡಬಹುದು. ಕಡ್ಡಿ ರಿಬ್ಬುಗಳಿಗಿಂತ ಮೇಲೆ ಎದ್ದು ನಿಂತರೆ ರಬ್ಬರು ಉಳಿದಿದೆ, ರಿಬ್ಬುಗಳ ಮಟ್ಟಕ್ಕೆ ಇಳಿದು ಕೂತರೆ ಸವೆದಿದೆ. ಬೆಲ್ಟು ತೆಗೆದ ಮೇಲೆ ಪುಲ್ಲಿಗಳೂ ಬಿಡುಗಡೆಯಾಗುತ್ತವೆ. ಒಂದೊಂದನ್ನೂ ಬೆರಳಿನಿಂದ ತಿರುಗಿಸಿದರೆ ಒಳ್ಳೆಯ ಬೇರಿಂಗು ಎಣ್ಣೆಯಲ್ಲಿ ಜಾರಿದ ಹಾಗೆ ಸುಮ್ಮನೆ ಸುತ್ತುತ್ತದೆ. ಕೆಟ್ಟದ್ದು ಮರಳು ಅರೆದ ಹಾಗೆ ಗರಗರ ಎನ್ನುತ್ತದೆ, ಆ ಗರಗರ ಕಿವಿಗಿಂತ ಮೊದಲು ಬೆರಳ ತುದಿಗೆ ಗೊತ್ತಾಗುತ್ತದೆ. ಬೆಲ್ಟು ಮೇಲಿದ್ದಾಗ ಈ ಅರಿವು ಯಾರಿಗೂ, ಎಷ್ಟು ಕಣ್ಣಿದ್ದವರಿಗೂ ಸಾಧ್ಯವಿರಲಿಲ್ಲ. ದಾರ್ಶನಿಕರು ಯೋಗ್ಯತೆಯನ್ನು ಬೆಳಕು ಇದೆಯೇ, ಕಣ್ಣು ಸರಿ ಇದೆಯೇ ಎಂದು ಪಟ್ಟಿ ಮಾಡಿದರು. ಆ ಪಟ್ಟಿಗೆ ಸ್ಪ್ಯಾನರನ್ನೂ ಸೇರಿಸಬೇಕು ಎನ್ನುತ್ತೇನೆ. ಕಾಣುವ ಯೋಗ್ಯತೆ ಎಷ್ಟೋ ಸಲ ವಸ್ತುವಿನಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ, ಬಿಚ್ಚಿ, ಮಗುಚಿ, ತಿರುಗಿಸಿ ಅದನ್ನು ತರಬೇಕಾಗುತ್ತದೆ.

ಕೆಲವು ಸಲ ಕಾಣದಂತೆ ಮಾಡುವುದು ನಮಗೆ ನೆರವಾಗಲೆಂದು ಇಟ್ಟ ವಸ್ತುವೇ. ಟೆನ್ಷನರನ್ನೇ ನೋಡಿ. ಬೆಲ್ಟು ಹಿಗ್ಗಿದಷ್ಟೂ ಸ್ಪ್ರಿಂಗು ಮುಂದೆ ಸರಿದು ಸಡಿಲನ್ನು ತಾನು ನುಂಗಿಕೊಳ್ಳುತ್ತದೆ. ಹಳೆಯ ವಿ-ಬೆಲ್ಟಿನ ಕಾಲದಲ್ಲಿ ಹೆಬ್ಬೆರಳಿನಿಂದ ಒತ್ತಿ ಸಡಿಲು ಎಷ್ಟೆಂದು ತಿಳಿಯುತ್ತಿದ್ದರು. ಈಗ ಒತ್ತಿದರೆ ಯಾವಾಗಲೂ ಬಿಗಿಯೇ. ಬೆಲ್ಟು ಎಷ್ಟು ಹಿಗ್ಗಿದೆ ಎಂಬುದು ಬೆಲ್ಟಿನ ಮೇಲಲ್ಲ, ತೋಳಿನ ಬುಡದ ಎರಡು ಗುರುತುಗಳ ನಡುವೆ ಮುಳ್ಳು ಎಲ್ಲಿಗೆ ಬಂದಿದೆ ಎಂಬಲ್ಲಿ ಬರೆದಿದೆ. ಅಲ್ಲಿ ನೋಡಬೇಕೆಂದು ಗೊತ್ತಿರಬೇಕು. ಇನ್ನು ಸದ್ದು. ಮಳೆಗಾಲದ ಬೆಳಿಗ್ಗೆ ಗಾಡಿ ಹೊರಡಿಸಿದ ಕೂಡಲೇ ಕೀಂಚ್ ಎಂದು ಕೂಗುವ ಬೆಲ್ಟಿಗೆ ಸೋಪು ಉಜ್ಜುವ ಹಳೆಯ ಅಭ್ಯಾಸ ಇದೆ, ಡಬ್ಬಿಯಲ್ಲಿ ಬರುವ ಸ್ಪ್ರೇಯೂ ಇದೆ. ಸದ್ದು ನಿಲ್ಲುತ್ತದೆ, ಕಾರಣ ನಿಲ್ಲುವುದಿಲ್ಲ. ಹೊಗೆ ಕಂಡರೆ ಬೆಂಕಿ ಎಂದು ನ್ಯಾಯಶಾಸ್ತ್ರ ಕಲಿಸಿತು. ಹೊಗೆಯನ್ನು ಬೀಸಣಿಗೆಯಿಂದ ಚದುರಿಸಿ ಬೆಂಕಿ ಆರಿತು ಎನ್ನುವವನಿಗೆ ಯಾವ ಶಾಸ್ತ್ರ ಏನು ಮಾಡೀತು? ಅದೇ ಸದ್ದಿನ ಮೇಲೆ ಬರಿಯ ನೀರು ಚಿಮುಕಿಸುವ ಪರೀಕ್ಷೆಯೊಂದಿದೆ. ಎಂಜಿನ್ ಓಡುತ್ತಿರುವಾಗ, ಕೈಯನ್ನೂ ಬಟ್ಟೆಯನ್ನೂ ದೂರ ಇಟ್ಟುಕೊಂಡು, ರಿಬ್ಬುಗಳ ಮೇಲೆ ಸ್ವಲ್ಪ ನೀರು ಹಾಕಿದಾಗ ಸದ್ದು ಅಡಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬ ಶಂಕೆ, ಸದ್ದು ಹೆಚ್ಚಾದರೆ ಬೆಲ್ಟು ಜಾರುತ್ತಿದೆ ಎಂಬ ಶಂಕೆ. ಸ್ಪ್ರೇ ಹೊಡೆದವನೂ ನೀರು ಹಾಕಿದವನೂ ಸದ್ದಿನ ಮೇಲೆ ಏನನ್ನೋ ಸುರಿದವರೇ. ಒಬ್ಬ ಬಾಯಿ ಮುಚ್ಚಿಸಲು ಸುರಿದ, ಒಬ್ಬ ಬಾಯಿ ಬಿಡಿಸಲು ಸುರಿದ. ಮನಸ್ಸಿನ ಅಳುಕನ್ನು ದೇವರ ಮುಂದೆ ಇಡುವುದರಲ್ಲೂ ಈ ಎರಡು ಬಗೆ ಇವೆ ಎಂದು ನನಗೆ ತೋರುತ್ತದೆ. ಯಾವುದು ಯಾವುದೆಂದು ಹೊರಗೆ ನಿಂತವರು ಹೇಳಲಾರರು.

ಈಗ ಆಯುಧಪೂಜೆ. ನವರಾತ್ರಿಯ ಒಂಬತ್ತನೆಯ ದಿನ ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ ನಡೆಯುವ ಪೂಜೆ ಬೀದಿಯ ಕಾರಿಗೂ ಆಟೋಗೂ ನಡೆಯುತ್ತದೆ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟು ಗಾಡಿಯನ್ನು ಮುಂದಕ್ಕೆ ಬಿಡುತ್ತಾರೆ. ಮುಂದಿನ ವರ್ಷ ಅದೇ ದಿನ 'ಚಾಮುಂಡಿ ಕಾಪಾಡಿದಳು, ವರ್ಷಪೂರ್ತಿ ಏನೂ ಆಗಲಿಲ್ಲ' ಎನ್ನುತ್ತಾರೆ. 'ಏನೂ ಆಗಲಿಲ್ಲ' ಎಂಬುದು ಒಂದು ಅನುಪಲಬ್ಧಿ. ಆಗಲಿಲ್ಲವೋ ಕಾಣಲಿಲ್ಲವೋ? ಆ ವರ್ಷವಿಡೀ ರಿಬ್ಬುಗಳು ಸವೆಯುತ್ತಲೇ ಇದ್ದವು, ಬಾನೆಟ್ಟಿನ ಮೇಲೆ ಕುಂಕುಮ ಬಿತ್ತು, ಬಾನೆಟ್ ಮೇಲೇಳಲಿಲ್ಲ. ಆಗಲಿಲ್ಲವೆಂದೇ ಒಪ್ಪಿದರೂ, ನಿಂಬೆಹಣ್ಣಿನ ಕಾರಣದಿಂದ ಆಗಲಿಲ್ಲ ಎನ್ನಬೇಕಾದರೆ ನಿಂಬೆಹಣ್ಣು ಇಡದ ಗಾಡಿಗಳಿಗೆ ಆಗಬೇಕಿತ್ತು. ಇದ್ದಾಗ ಇರುವ ಅನ್ವಯ ಸಾಲದು, ಇಲ್ಲದಾಗ ಇಲ್ಲದಿರುವ ವ್ಯತಿರೇಕವೂ ಬೇಕು ಎಂದು ಹೇಳಿದವರು ನಮ್ಮ ಹಿರಿಯರೇ. ಇದನ್ನು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದ ಆಕ್ಷೇಪವಲ್ಲ: ಪೂಜೆ ಎಂದರೆ ವಿಮೆಯಲ್ಲ, ಅದು ಕೃತಜ್ಞತೆ, ವರ್ಷವಿಡೀ ಅನ್ನ ಕೊಟ್ಟ ಸಾಧನಕ್ಕೆ ಒಂದು ದಿನ ಬಿಡುವು ಕೊಟ್ಟು ಕೈ ಮುಗಿಯುವುದರಲ್ಲಿ ಕಾರ್ಯಕಾರಣದ ಲೆಕ್ಕ ಎಲ್ಲಿ ಬಂತು? ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಕೈ ಮುಗಿಯುವವನು ಬರಿಯ ಕೃತಜ್ಞತೆಯಿಂದ ಮುಗಿದರೆ ಅವನು ಯಾವ ಅಭಾವವನ್ನೂ ಸಾಧಿಸಲು ಹೊರಟಿಲ್ಲ, ಆದ್ದರಿಂದ ಅವನ ಮೇಲೆ ನನ್ನ ವಾದ ನಡೆಯುವುದಿಲ್ಲ. ಆದರೆ ಈ ಹಬ್ಬದ ಹಳೆಯ ಅಂಗ ಒಂದಿದೆ. ಪೂಜೆಗೆ ಇಡುವ ಮೊದಲು ಕುಡುಗೋಲಿನ ತುಕ್ಕು ಉಜ್ಜಿ, ಸಾಣೆ ಹಿಡಿದು, ಎಣ್ಣೆ ಹಚ್ಚುತ್ತಿದ್ದರು. ಪೂಜೆಯ ನೆವದಲ್ಲಿ ಪ್ರತಿಯೊಂದು ಸಾಧನವೂ ವರ್ಷಕ್ಕೊಮ್ಮೆ ಕೈಗೆ ಬಂದು, ಮಗುಚಿ ನೋಡಿಸಿಕೊಳ್ಳುತ್ತಿತ್ತು. ಕುಡುಗೋಲಿನ ಹಿಡಿ ಅಲ್ಲಾಡುತ್ತಿದ್ದರೆ ಆ ದಿನ ಗೊತ್ತಾಗದೆ ಇರುತ್ತಿರಲಿಲ್ಲ. ಕಾರಿನ ಹೊರಮೈ ತೊಳೆಯುವುದರಲ್ಲಿ ಅದರ ನೆನಪು ಇದೆ. ಕುಡುಗೋಲಿಗೆ ಹೊರಮೈಯೇ ಪೂರ್ತಿ ಮೈ, ಕಾರಿಗೆ ಹಾಗಲ್ಲ.

ಇಲ್ಲಿಯವರೆಗೆ ಹೇಳಿದ್ದು ನಂಬುವವನ ಅವಸರ. ನಂಬದವನ ಅವಸರಕ್ಕೂ ಅಷ್ಟೇ ನಿಷ್ಠುರವಾಗಬೇಕು. ಎಲ್ಲೂ ಕಾಣಲಿಲ್ಲ, ಆದ್ದರಿಂದ ದೇವರಿಲ್ಲ ಎಂಬ ಮಾತಿಗೆ ಸುಮಾರು 10ನೆಯ ಶತಮಾನದ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಪೆಟ್ಟು ಪ್ರಸಿದ್ಧ. ಬರಿಯ ಕಾಣದಿರುವಿಕೆಯಿಂದ ಇಲ್ಲದಿರುವಿಕೆ ಸಿದ್ಧವಾಗುವುದಾದರೆ, ಕಣ್ಣಿಗೆ ಕಂಡದ್ದನ್ನೇ ನಂಬುವ ಚಾರ್ವಾಕ ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಹೆಂಡತಿ ಮಕ್ಕಳು ಕಾಣುತ್ತಿಲ್ಲವೆಂದು ಎದೆ ಬಡಿದುಕೊಂಡು ಅಳಬೇಕಾದೀತು, ಮನೆಗೆ ವಾಪಸು ಹೋಗುವ ಕಾರಣವೇ ಅವನಿಗೆ ಉಳಿಯದು ಎಂಬ ಅರ್ಥದ ಮಾತು ಅದು. ಕಾಣಲು ತಕ್ಕದ್ದಲ್ಲದ ಈಶ್ವರನ ವಿಷಯದಲ್ಲಿ ಕಾಣದಿರುವಿಕೆ ಬಾಧಕವಲ್ಲ ಎಂದು ಉದಯನ ತೀರ್ಮಾನಿಸುತ್ತಾನೆ. ಆದರೆ ಎಚ್ಚರ ಬೇಕಾದದ್ದು ಇಲ್ಲೇ. ಇದೇ ದಾರಿ ಹಿಡಿದು ಯಾರು ಬೇಕಾದರೂ ಏನನ್ನು ಬೇಕಾದರೂ ಉಳಿಸಿಕೊಳ್ಳಬಹುದಲ್ಲ, ನನ್ನ ತಾಯತದ ಶಕ್ತಿಯೂ ಕಾಣಲು ತಕ್ಕದ್ದಲ್ಲ ಎಂದರಾಯಿತಲ್ಲ ಎಂದು ಕೇಳಿದರೆ ಉತ್ತರ ಕೊಡಲೇಬೇಕು. ನನ್ನ ಉತ್ತರ ಇಷ್ಟು. ತಾಯತ ಕಟ್ಟಿದರೆ ಗಾಡಿ ಕೆಡುವುದಿಲ್ಲ ಎಂದವನು ತನ್ನ ಮಾತನ್ನು ಬೆಲ್ಟಿನ ಮೇಲೆ, ಬೇರಿಂಗಿನ ಮೇಲೆ ತಾನೇ ತಂದಿಟ್ಟಿದ್ದಾನೆ. ಕಾಣುವ ಜಗತ್ತಿನಲ್ಲಿ ಫಲ ಹೇಳಿದ ಮಾತು ಕಾಣುವ ಯೋಗ್ಯತೆಯನ್ನು ತಾನೇ ಹೊತ್ತುಕೊಂಡು ಬಂದ ಹಾಗೆ; ಫಲ ಕಾಣದಿದ್ದಾಗ ಅದು ಮರೆಗೆ ಓಡುವಂತಿಲ್ಲ. ಫಲವನ್ನೇ ಹೇಳದ, ದೇವರ ಕುರಿತ ಮಾತು ಕಾಣದಿರುವಿಕೆಯಿಂದ ಬೀಳುವುದಿಲ್ಲ, ನಿಜ. ಬೀಳಲಿಲ್ಲವೆಂಬುದೇ ಅದು ನಿಂತಿದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ. ಉದಯನನಿಗೂ ಇದು ಗೊತ್ತಿತ್ತು, ಅದಕ್ಕೇ ಅವನು ಅಷ್ಟಕ್ಕೆ ನಿಲ್ಲದೆ ಗ್ರಂಥದ ಕೊನೆಯ ಭಾಗದಲ್ಲಿ ಈಶ್ವರನಿಗೆ ಬೇರೆ ಸಾಧಕಗಳನ್ನು ಕೊಡಲು ಹೊರಟ. ಅವು ನಿಲ್ಲುತ್ತವೆಯೇ ಎಂಬುದು ಬೇರೆಯ ಜಗಳ.

ಇನ್ನೊಂದು ಆಕ್ಷೇಪ ತರ್ಕದ ಒಳಗಿನದು. ಬೆಲ್ಟು ಬಿಚ್ಚಿದೆ, ಕಡ್ಡಿ ಇಟ್ಟೆ, ಪುಲ್ಲಿ ತಿರುಗಿಸಿದೆ, ದೋಷ ಕಾಣಲಿಲ್ಲ. ಕಡ್ಡಿಯೇ ಸರಿಯಿಲ್ಲದಿದ್ದರೆ? ಬೇರಿಂಗು ಕಾವೇರಿದಾಗ ಮಾತ್ರ ಅರಚುವಂಥದ್ದಾದರೆ? ಯೋಗ್ಯತೆ ಪೂರ್ತಿಯಾಯಿತು ಎಂದು ಹೇಳಲು ಇನ್ನೊಂದು ಯೋಗ್ಯತೆ ಬೇಕು, ಅದಕ್ಕೆ ಮತ್ತೊಂದು. ಹೀಗೆ ಕೊನೆಯಿಲ್ಲದೆ ಹೋದರೆ ಯಾರೂ ಯಾವುದನ್ನೂ 'ಇಲ್ಲ' ಎನ್ನುವಂತಿಲ್ಲ. ಇದಕ್ಕೆ ನೈಯಾಯಿಕರ ಹತ್ತಿರವೇ ಮದ್ದಿದೆ. ಅಭಾವ ಎಂಬುದು ಯಾವಾಗಲೂ ಯಾವುದೋ ಒಂದರ ಅಭಾವ, ಎಲ್ಲೋ ಒಂದು ಕಡೆಯ ಅಭಾವ. ಯಾವುದು ಇಲ್ಲವೋ ಅದನ್ನು ಪ್ರತಿಯೋಗಿ ಎಂದರು, ಎಲ್ಲಿ ಇಲ್ಲವೋ ಅದನ್ನು ಅಧಿಕರಣ ಎಂದರು. ಇವೆರಡನ್ನೂ ಹೇಳದೆ 'ಇಲ್ಲ' ಎಂದರೆ ಆ ಮಾತಿಗೆ ಅರ್ಥವೇ ಇಲ್ಲ. 'ಏನೂ ಆಗಿಲ್ಲ' ಎಂಬುದು ಅಂಥ ಮಾತು, ಅದನ್ನು ಸಾಧಿಸಲು ಹೊರಟರೆ ಕೊನೆಯಿಲ್ಲದ ಹಾದಿಯೇ ಗತಿ. 'ಈ ಬೆಲ್ಟಿನ ಈ ಆರು ರಿಬ್ಬುಗಳಲ್ಲಿ ಕಡ್ಡಿಯ ಅಳತೆಗೆ ಮೀರಿದ ಸವೆತ ಇಲ್ಲ' ಎಂಬುದಕ್ಕೆ ಪ್ರತಿಯೋಗಿ ಇದೆ, ಅಧಿಕರಣ ಇದೆ, ಇದ್ದಿದ್ದರೆ ಎಲ್ಲಿ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಉತ್ತರ ಇದೆ. ಮಾತು ಚಿಕ್ಕದಾಯಿತು, ಆದರೆ ನಿಂತಿತು. ದೇವರಿಲ್ಲ ಎನ್ನುವವನನ್ನೂ ಯಾವ ದೇವರು, ಎಲ್ಲಿ, ಇದ್ದಿದ್ದರೆ ಏನು ಬೇರೆಯಾಗಿರುತ್ತಿತ್ತು ಎಂದು ಕೇಳಬಹುದು. ಇದೆ ಎನ್ನುವವನನ್ನೂ ಇದೇ ಮೂರನ್ನು ಕೇಳಬಹುದು. ಹೀಗೆ ಕೇಳಿದರೆ ಜಗಳಗಳಲ್ಲಿ ಅರ್ಧದಷ್ಟು ಶುರುವಾಗುವ ಮೊದಲೇ ಸಣ್ಣದಾಗುತ್ತವೆ. ತನ್ನನ್ನೇ ಕೇಳಿಕೊಳ್ಳುವುದು ಇದಕ್ಕಿಂತ ಕಷ್ಟ. 17ನೆಯ ಶತಮಾನದ ವೇದಾಂತ ಪರಿಭಾಷೆ ಅನುಪಲಬ್ಧಿಯನ್ನು ವಿವರಿಸುವಾಗ, ಒಬ್ಬನಲ್ಲಿರುವ ಧರ್ಮಾಧರ್ಮಗಳು ಕಾಣಲು ತಕ್ಕವಲ್ಲದ್ದರಿಂದ ಅವುಗಳ ಅಭಾವ ಕಾಣದಿರುವಿಕೆಯಿಂದ ತಿಳಿಯದು ಎಂಬ ಉದಾಹರಣೆ ಕೊಡುತ್ತದೆ. ಅದು ತರ್ಕದ ಪುಸ್ತಕದಲ್ಲಿ ತಣ್ಣಗೆ ಕೂತ ಉದಾಹರಣೆ. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂದು ಹೇಳಲು ಬಾಯಿ ತೆರೆದವನು ಒಮ್ಮೆ ಅದನ್ನು ನೆನೆದರೆ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಇದನ್ನೆಲ್ಲ ಮನೆಯಲ್ಲಿ ಏಕೆ ಮಾಡಬೇಕು? ಗ್ಯಾರೇಜಿನವನು ಇದ್ದಾನೆ, ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು, ಅವನ ಹೊಟ್ಟೆಪಾಡೂ ನಡೆಯಬೇಕು. ಶಬ್ದವೂ ಒಂದು ಪ್ರಮಾಣವೇ, ತಿಳಿದವನ ಮಾತನ್ನು ನಂಬುವುದರಲ್ಲಿ ಯಾವ ಕೀಳೂ ಇಲ್ಲ. ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ ಆಪ್ತನ ಲಕ್ಷಣ ಹೇಳುವಾಗ, ಅದು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದದ್ದು ನನಗೆ ಬಹಳ ದೊಡ್ಡ ಮಾತಾಗಿ ತೋರುತ್ತದೆ. ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತ ಹಾಗೆಯೇ ಹೇಳುವ ಇಚ್ಛೆ ಇರಬೇಕು, ಅಷ್ಟೇ ಅವನ ಷರತ್ತು. ಗ್ರೀಸು ಮೆತ್ತಿದ ಕೈಯ ಮೆಕ್ಯಾನಿಕ್ ಈ ಎರಡು ಷರತ್ತಿಗೆ ಸಂದರೆ ಅವನು ಬೆಲ್ಟಿನ ವಿಷಯದಲ್ಲಿ ಋಷಿಗೆ ಸಮ. ಎಲ್ಲರೂ ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಎಂದು ನಾನು ಹೇಳುತ್ತಿಲ್ಲ, ಮಾಡಬಾರದ್ದೂ ಇದೆ. ಎಂಜಿನ್ನಿನ ಒಳಗಿನ ಟೈಮಿಂಗ್ ಬೆಲ್ಟು ಒಂದು ಹಲ್ಲು ತಪ್ಪಿದರೂ ಎಂಜಿನ್ ಕೆಡಬಹುದು, ಅದು ಅಂಗಳದ ಕೆಲಸವಲ್ಲ. ಟೆನ್ಷನರ್ ಇಲ್ಲದೆ ಎಳೆದು ಕೂರಿಸುವ ಬೆಲ್ಟುಗಳಿಗೂ ಬೇರೆ ಸಲಕರಣೆ ಬೇಕು. ಆದರೆ ಒಮ್ಮೆಯಾದರೂ ತನ್ನ ಕೈಯಿಂದ ಬೆಲ್ಟು ಮಗುಚಿ ನೋಡಿದವನು ಆಪ್ತನ ಹತ್ತಿರ ಹೋದಾಗ ಕೇಳುವ ಪ್ರಶ್ನೆ ಬದಲಾಗುತ್ತದೆ. 'ಚೆನ್ನಾಗಿದೆಯೇನಪ್ಪಾ?' ಎಂದು ಕೇಳುತ್ತಿದ್ದವನು 'ಬಿಚ್ಚಿ ನೋಡಿದಿರಾ, ಅಳೆದಿರಾ, ಪುಲ್ಲಿ ತಿರುಗಿಸಿದಿರಾ?' ಎಂದು ಕೇಳುತ್ತಾನೆ. ನಿಜವಾದ ಆಪ್ತನಿಗೆ ಈ ಪ್ರಶ್ನೆ ಅವಮಾನವಲ್ಲ, ತನ್ನ ಕೆಲಸವನ್ನು ಅರಿತವನೊಬ್ಬ ಸಿಕ್ಕಿದ ಎಂಬ ಸಂತೋಷ. ಗುರುವಿನ ಹತ್ತಿರ, ಪುರೋಹಿತರ ಹತ್ತಿರ, ವೇದಿಕೆಯ ಮೇಲೆ ನಿಂತು ದೇವರಿಲ್ಲ ಎಂದು ಸಾರುವವರ ಹತ್ತಿರವೂ ಇದೇ ಪ್ರಶ್ನೆ ಕೇಳಬಹುದು. ಯಾರ ಮುಖ ಅರಳುತ್ತದೆ, ಯಾರ ಮುಖ ಗಂಟಿಕ್ಕುತ್ತದೆ ಎಂದು ನೋಡಬಹುದು.

ಹೊಸ ಬೆಲ್ಟನ್ನು ಹಾಕುವಾಗ ಗ್ರೂವ್ ಇರುವ ಪುಲ್ಲಿಗಳಿಗೆಲ್ಲ ಮೊದಲು ಕೂರಿಸಿ, ನುಣುಪು ಪುಲ್ಲಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಟೆನ್ಷನರಿನ ತೋಳು ಬಿಟ್ಟ ಮೇಲೆ ಬೆಲ್ಟು ಬಿಗಿದು ನಿಲ್ಲುತ್ತದೆ, ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ತಪ್ಪು ಆಗುವುದು ಹೆಚ್ಚಾಗಿ ಕೆಳಗೆ, ಚಾಸಿಯ ಮರೆಯಲ್ಲಿರುವ ಕ್ರ್ಯಾಂಕ್ ಪುಲ್ಲಿಯಲ್ಲಿ. ಆರು ರಿಬ್ಬಿನ ಬೆಲ್ಟು ಅಲ್ಲಿ ಒಂದು ಗ್ರೂವ್ ಆಚೆ ಸರಿದು ಕೂತರೆ ಐದು ರಿಬ್ಬು ಒಳಗೆ, ಒಂದು ಹೊರಗೆ. ಎಂಜಿನ್ ಹೊರಟ ಕೂಡಲೇ ಅಂಚು ಕೊಯ್ಯತೊಡಗುತ್ತದೆ. ಅಲ್ಲಿಗೆ ಕಣ್ಣು ಹೋಗುವುದಿಲ್ಲ. ಅದಕ್ಕೇ ಗೊತ್ತಿರುವವರು ಕೀ ಮುಟ್ಟುವ ಮೊದಲು ತೋಳನ್ನು ಭುಜದವರೆಗೆ ಒಳಗೆ ಇಳಿಸಿ, ಆ ಪುಲ್ಲಿಯ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಬೆಲ್ಟಿನ ಒಂದು ಪಕ್ಕ ಲೋಹದ ಅಂಚು ಬೆರಳಿಗೆ ಸಿಗುತ್ತದೆ, ಇನ್ನೊಂದು ಪಕ್ಕವೂ ಸಿಗುತ್ತದೆ, ಅಂಚಿನಾಚೆ ಚಾಚಿದ ರಬ್ಬರು ಸಿಗುವುದಿಲ್ಲ. ಇದ್ದಿದ್ದರೆ ಬೆರಳಿಗೆ ಸಿಗುತ್ತಿತ್ತು.